ಮಳೆಗಾಲದ ಸಾಲ, ಚಳಿಗಾಲದ ತೀರುವಳಿ

ಕಡಲು ಪ್ರತಿ ಮಳೆಗಾಲದಲ್ಲೂ ದಡದ ಮರಳನ್ನು ಒಯ್ಯುತ್ತದೆ. ಮಳೆ ನಿಂತ ಮೇಲೆ ತಂದು ಸುರಿಯುತ್ತದೆ. ಸಾವಿರಾರು ವರ್ಷಗಳಿಂದ ನಡೆದುಬಂದ ಈ ಲೆಕ್ಕ ಈಗ ಹಲವು ಕಡೆ ತಪ್ಪುತ್ತಿದೆ. ತಪ್ಪಿಸಿದವರು ನಾವು.

ಜೂನ್ ತಿಂಗಳ ಕೊನೆ, ಹುಣ್ಣಿಮೆಯ ಆಸುಪಾಸು. ಕುಂದಾಪುರದಿಂದ ಉತ್ತರಕ್ಕೆ ಹೊರಟ ಬಸ್ಸು ತ್ರಾಸಿ ದಾಟುತ್ತಿದ್ದಂತೆ ಎಡಬದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮಳೆ ಬಿಟ್ಟಿದೆ. ಒಳಗೆ ಬರುತ್ತಿರುವುದು ಕಡಲಿನ ನೀರು.

ಮರವಂತೆಯಲ್ಲಿ ತೆರೆಯೊಂದು ಕಲ್ಲಿನ ರಾಶಿಗೆ ಬಡಿದು ಆಳೆತ್ತರ ಏಳುತ್ತದೆ. ಗಾಳಿ ಅದರ ತುಂತುರನ್ನು ಹೆದ್ದಾರಿಯ ಮೇಲೆ ಎಸೆಯುತ್ತದೆ. ಬೈಕಿನವರು ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ.

ಬಲಬದಿಯ ಕಿಟಕಿಯಲ್ಲಿ ಕಾಣುವುದೇ ಬೇರೆ. ಸೌಪರ್ಣಿಕಾ ನದಿ ಕೆಂಪು ನೀರು ತುಂಬಿಕೊಂಡು, ತೆಂಗು ಬೆಳೆದ ಕುದ್ರುಗಳ (ನದಿಯ ನಡುಗಡ್ಡೆಗಳ) ಪಕ್ಕದಲ್ಲಿ ಸದ್ದಿಲ್ಲದೆ ಹರಿಯುತ್ತಿದೆ. ಎರಡು ನೀರಿನ ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66ನ್ನು ಹೊತ್ತ ಮರಳಿನ ಪಟ್ಟಿ ಮಾತ್ರ.

ಕೊಡಚಾದ್ರಿಯ ಬದಿಯಿಂದ ಇಳಿದು ಕೊಲ್ಲೂರನ್ನು ಹಾದು ಬರುವ ಈ ನದಿಗೆ ಮರವಂತೆಯಲ್ಲಿ ಕಡಲು ಕಲ್ಲೆಸೆತದ ದೂರ. ಆದರೂ ಇಲ್ಲಿ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ದಡದ ಪಕ್ಕದಲ್ಲೇ ಸಾಗಿ, ಗಂಗೊಳ್ಳಿಯ ಹತ್ತಿರ ಚಕ್ರಾ, ವಾರಾಹಿ ಮೊದಲಾದ ನದಿಗಳ ಜೊತೆಗೂಡಿ ಕಡಲಿಗಿಳಿಯುತ್ತದೆ. ಅದನ್ನು ತಡೆದು ತಿರುಗಿಸಿದ್ದು ತೆರೆಗಳು ತಂದು ಪೇರಿಸಿದ ಮರಳು.

ಮಂಗಳೂರಿನಲ್ಲಿ ಗುರುಪುರ ನದಿಯದೂ ಇದೇ ಕಥೆ. ತಣ್ಣೀರುಬಾವಿಯ ಮರಳಿನ ಪಟ್ಟಿ ಅಡ್ಡ ಬಂದು ನದಿ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಕೂಡುತ್ತದೆ. ಉದ್ಯಾವರ ಹೊಳೆ ಉಲ್ಟಾ ದಿಕ್ಕಿಗೆ, ಉತ್ತರಕ್ಕೆ ತಿರುಗಿ ಮಲ್ಪೆಗೆ ಬರುತ್ತದೆ. ಪಶ್ಚಿಮ ಘಟ್ಟದಿಂದ ಧುಮುಕಿ ಬರುವ ನದಿಗಳನ್ನು ದಡದ ಹತ್ತಿರ ಹೀಗೆ ಪಕ್ಕಕ್ಕೆ ತಿರುಗಿಸುವ ಬಲ ಒಂದೊಂದು ಕಾಳಾಗಿ ಬಂದ ಮರಳಿಗಿದೆ. ನಮ್ಮ ಕರಾವಳಿಯನ್ನು ಅರ್ಥಮಾಡಿಕೊಳ್ಳಲು ಹೊರಟರೆ ಇಲ್ಲಿಂದಲೇ ಶುರುಮಾಡಬೇಕು.

ಗಾಳಿ ಎಲ್ಲಿಯದೋ, ತೆರೆ ಇಲ್ಲಿಗೆ

ದಡಕ್ಕೆ ಬಡಿಯುವ ತೆರೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಆಚೆ ಹುಟ್ಟಿರುತ್ತದೆ. ಗಾಳಿ ಎಷ್ಟು ಜೋರಾಗಿ ಬೀಸಿತು, ಎಷ್ಟು ಹೊತ್ತು ಬೀಸಿತು, ಅಡ್ಡಿಯಿಲ್ಲದೆ ಎಷ್ಟು ದೂರ ಬೀಸಿತು ಎಂಬುದರ ಮೇಲೆ ತೆರೆಯ ಗಾತ್ರ ನಿಂತಿದೆ. ಮುಂಗಾರು ಈ ಮೂರನ್ನೂ ಧಾರಾಳವಾಗಿ ಕೊಡುತ್ತದೆ. ಲಕ್ಷದ್ವೀಪದ ಪುಟ್ಟ ಹವಳದ ದ್ವೀಪಗಳನ್ನು ಬಿಟ್ಟರೆ ಸೊಮಾಲಿಯಾದಿಂದ ನಮ್ಮ ದಡದವರೆಗೆ ಅರಬ್ಬಿ ಸಮುದ್ರದಲ್ಲಿ ಗಾಳಿಗೆ ಅಡ್ಡ ಬರುವ ನೆಲವೇ ಇಲ್ಲ.

ಆಳದ ಕಡಲಿನಲ್ಲಿ ತೆರೆಯೊಂದಿಗೆ ಸಾಗಿ ಬರುವುದು ಶಕ್ತಿ, ನೀರಲ್ಲ. ನೀರು ಸುತ್ತು ಹಾಕಿ ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ. ದಡ ಹತ್ತಿರವಾದಾಗ ಆಟ ಬದಲಾಗುತ್ತದೆ. ಎರಡು ತೆರೆಗಳ ನಡುವಿನ ಅಂತರದ ಅರ್ಧಕ್ಕಿಂತ ನೀರಿನ ಆಳ ಕಡಿಮೆಯಾದ ಕಡೆ ತೆರೆಗೆ ಕಡಲ ತಳ ತಾಗುತ್ತದೆ. ಅದರ ವೇಗ ಕುಗ್ಗುತ್ತದೆ, ಹಿಂದಿನ ತೆರೆ ಹತ್ತಿರ ಬರುತ್ತದೆ, ಎತ್ತರ ಏರುತ್ತದೆ. ಎತ್ತರ ಅಲ್ಲಿನ ಆಳದ ಮುಕ್ಕಾಲು ಭಾಗ ತಲುಪುವ ಹೊತ್ತಿಗೆ ತೆರೆ ಮಗುಚಿ ಒಡೆಯುತ್ತದೆ.

ಅಂದರೆ ಮುಕ್ಕಾಲು ಮೀಟರಿನ ಬೇಸಿಗೆಯ ತೆರೆ ಒಂದು ಮೀಟರ್ ಆಳದಲ್ಲಿ, ಕಾಲ ಬುಡಕ್ಕೇ ಬಂದು ಒಡೆದರೆ, ಮೂರು ಮೀಟರಿನ ಮುಂಗಾರು ತೆರೆ ನಾಲ್ಕು ಮೀಟರ್ ಆಳದಲ್ಲಿ, ದಡದಿಂದ ದೂರದಲ್ಲೇ ಒಡೆಯುತ್ತದೆ. ದೊಡ್ಡ ತೆರೆಗೆ ಹೆಚ್ಚು ಆಳ ಬೇಕು. ಮರಳಿನ ದಡ ತನ್ನನ್ನು ತಾನು ಕಾಪಾಡಿಕೊಳ್ಳುವುದು ಇದೇ ನಿಯಮ ಹಿಡಿದು.

ಮೇಯಿಂದ ಮೇವರೆಗೆ

ಮೇ ತಿಂಗಳಲ್ಲಿ ಮಕ್ಕಳು ಕ್ರಿಕೆಟ್ ಆಡಿದ ಅಗಲವಾದ ದಂಡೆಯನ್ನು ಜುಲೈನಲ್ಲಿ ಹೋಗಿ ನೋಡಿದರೆ ಗುರುತೇ ಸಿಗುವುದಿಲ್ಲ. ತೆಂಗಿನ ಬೇರುಗಳು ಹೊರಗೆ ಕಾಣುತ್ತವೆ. ದಡದಲ್ಲಿ ಮೊಣಕಾಲೆತ್ತರ, ಕೆಲವೆಡೆ ಸೊಂಟದೆತ್ತರ ಮೆಟ್ಟಿಲು ಕಡಿದಿರುತ್ತದೆ. ಕಡಲು ನುಂಗಿತು ಎಂದು ನಾವು ಹೇಳುತ್ತೇವೆ. ಪೇಟೆಯಿಂದ ಹೋದ ಪತ್ರಕರ್ತರೂ ಹಾಗೆಯೇ ಬರೆಯುತ್ತಾರೆ.

ಆ ಮರಳು ಬಹಳ ದೂರ ಹೋಗಿರುವುದಿಲ್ಲ. ಮುಂಗಾರಿನ ತೆರೆಗಳು ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಮೇಲೇರಿದ ನೀರು ಮರಳಿನೊಳಗೆ ಇಂಗುವಷ್ಟು ಬಿಡುವಿಲ್ಲ. ರಭಸದಿಂದ ಹಿಂದಕ್ಕೆ ಇಳಿಯುವಾಗ ದಡದ ಮರಳನ್ನೂ ಎಳೆದುಕೊಳ್ಳುತ್ತದೆ. ಈ ಮರಳು ತೆರೆ ಒಡೆಯುವ ಜಾಗದ ಸುತ್ತ, ನೀರಿನಡಿಯಲ್ಲಿ ದಡಕ್ಕೆ ಸಮಾನಾಂತರವಾಗಿ ಉದ್ದನೆಯ ದಿಬ್ಬವಾಗಿ ಕೂರುತ್ತದೆ.

ಆ ದಿಬ್ಬ ಅಲ್ಲಿ ಕೂತಿದ್ದರಿಂದ ನೀರಿನ ಆಳ ಕಡಿಮೆಯಾಯಿತು. ಆಳ ಕಡಿಮೆಯಾದ್ದರಿಂದ ದೊಡ್ಡ ತೆರೆಗಳೆಲ್ಲ ಅಲ್ಲೇ ಒಡೆಯುತ್ತವೆ. ದಡಕ್ಕೆ ಬಂದು ಮುಟ್ಟುವುದು ಅವುಗಳ ಉಳಿದ ಬಲ ಮಾತ್ರ. ಬಿರುಸಿನ ಕಾಲಕ್ಕೆ ದಡ ತನ್ನ ಮೈಯ ಮರಳನ್ನೇ ಮುಂದೆ ಚಾಚಿ ತಡೆ ಕಟ್ಟಿಕೊಂಡಿದೆ. ಎಂಜಿನಿಯರು ಬೇಡ, ಟೆಂಡರು ಬೇಡ.

ಸೆಪ್ಟೆಂಬರ್ ಕಳೆದು ಗಾಳಿ ತಗ್ಗಿದ ಮೇಲೆ ಬರುವ ತೆರೆಗಳು ತಗ್ಗಾದವು, ನಿಧಾನದವು. ಇವು ಮರಳನ್ನು ಮೇಲಕ್ಕೆ ತರುತ್ತವೆ. ಇಳಿಯುವ ನೀರು ಮರಳಿನೊಳಗೆ ಇಂಗಿಹೋಗುವುದರಿಂದ ತಂದದ್ದು ಅಲ್ಲೇ ಉಳಿಯುತ್ತದೆ. ದಿಬ್ಬ ಕರಗುತ್ತ ದಂಡೆ ತುಂಬುತ್ತದೆ. ಮಳೆಗಾಲದಲ್ಲಿ ಪಡೆದ ಸಾಲವನ್ನು ಕಡಲು ಚಳಿಗಾಲದಲ್ಲಿ ಕಂತುಕಂತಾಗಿ ತೀರಿಸುತ್ತದೆ. ಮುಂದಿನ ಮೇ ಬರುವಷ್ಟರಲ್ಲಿ ಲೆಕ್ಕ ಚುಕ್ತಾ.

ಹಾಗಾಗಿ ಜುಲೈನಲ್ಲಿ ಕಾಣುವ ದೃಶ್ಯವನ್ನಷ್ಟೇ ನೋಡಿ ಕಡಲ್ಕೊರೆತ ಎಂದು ತೀರ್ಮಾನಿಸುವುದು ಸರಿಯಲ್ಲ. ಒಂದು ಮೇ ತಿಂಗಳ ದಂಡೆಯನ್ನು ಮುಂದಿನ ಮೇ ತಿಂಗಳ ದಂಡೆಯ ಜೊತೆ ಹೋಲಿಸಬೇಕು. ವರ್ಷ ತಿರುಗಿದರೂ ವಾಪಸು ಬಾರದ ಮರಳೆಷ್ಟೋ, ಕೊರೆತ ಅಷ್ಟು. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರಿಗೆ, ನಾಡದೋಣಿ ದಡಕ್ಕೆ ತರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ದುಡಿಮೆಯೇ ಆ ದಂಡೆಯ ಮೇಲೆ ನಡೆಯುವುದು.

ದಂಡೆಯ ಹಿಂಬದಿಯಲ್ಲಿ, ನೇರಳೆ ಹೂವಿನ ಬಳ್ಳಿ ಹಬ್ಬಿದ ಮರಳಿನ ದಿಣ್ಣೆಗಳಿರುತ್ತವೆ. ಅದು ಕಷ್ಟಕಾಲಕ್ಕಿಟ್ಟ ಗಂಟು. ಅಪರೂಪಕ್ಕೆ ಬರುವ ದೊಡ್ಡ ತೂಫಾನಿಗೆ ದಡ ಅಲ್ಲಿಂದ ಮರಳು ತೆಗೆದುಕೊಡುತ್ತದೆ. ಬಳ್ಳಿಯ ಬೇರು ಗಾಳಿಗೆ ಹಾರುವ ಮರಳನ್ನು ಹಿಡಿದು ಮತ್ತೆ ದಿಣ್ಣೆ ಬೆಳೆಸುತ್ತದೆ. ಕಡಲಿನ ನೋಟ ಚೆನ್ನಾಗಿ ಕಾಣಲೆಂದು ಈ ದಿಣ್ಣೆಗಳನ್ನು ಜೆಸಿಬಿಯಿಂದ ಸಮತಟ್ಟು ಮಾಡಿ ರೆಸಾರ್ಟು ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಕಟ್ಟಡವನ್ನು ಕಾಯಬೇಕಾಗಿದ್ದದ್ದು ಅದೇ ದಿಣ್ಣೆ.

> ಗಾಳಿಯಿಲ್ಲದ ದಿನವೂ ನುಗ್ಗುವ ನೀರು
>
> ಆಕಾಶ ತಿಳಿಯಾಗಿದೆ, ಗಾಳಿಯಿಲ್ಲ. ಆದರೂ ಕಡಲು ಇದ್ದಕ್ಕಿದ್ದಂತೆ ಮನೆಯಂಗಳಕ್ಕೆ ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಉದ್ದನೆಯ ತೆರೆಗಳು ಹಲವು ದಿನ ಉತ್ತರಕ್ಕೆ ಸಾಗಿ ಬಂದು ನಮ್ಮ ದಡದಲ್ಲಿ ಏರುವುದೇ ಇದಕ್ಕೆ ಕಾರಣ. ಆ ಹೊತ್ತಿಗೆ ಉಬ್ಬರವೂ ಇದ್ದರೆ ಹಾನಿ ಹೆಚ್ಚು. 2012ರಲ್ಲಿ ಯುನೆಸ್ಕೊ ಈ ಹೆಸರನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯಿಸ್) ಈಗ ಕರ್ನಾಟಕದ ಕರಾವಳಿಗೂ ಇದರ ಮುನ್ನೆಚ್ಚರಿಕೆ ಕೊಡುತ್ತದೆ.

ತಿಥಿ ನೋಡಿ ಏರುವ ಕಡಲು

ತೆರೆಯನ್ನು ಗಾಳಿ ಎಬ್ಬಿಸಿದರೆ ಉಬ್ಬರವನ್ನು ಎಬ್ಬಿಸುವುದು ಚಂದ್ರ. ಸೂರ್ಯನ ಪಾಲು ಅದರ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಇಬ್ಬರೂ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಉಬ್ಬರ ಎತ್ತರ, ಇಳಿತ ಆಳ. ಅಷ್ಟಮಿಯ ಹೊತ್ತಿಗೆ ಇಬ್ಬರ ಎಳೆತ ಅಡ್ಡಡ್ಡವಾಗಿ ಏರಿಳಿತ ಸಣ್ಣದಾಗುತ್ತದೆ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುವುದರಿಂದ ಇಂದು ಬಂದ ಹೊತ್ತಿಗಿಂತ ನಾಳೆ 50 ನಿಮಿಷ ತಡ. ದೋಣಿ ಇಳಿಸುವವರು ಪಂಚಾಂಗದ ತಿಥಿ ಕೇಳಿದರೆ ಸಾಕು, ನೀರು ಯಾವಾಗ ಏರುತ್ತದೆಂದು ಹೇಳುತ್ತಾರೆ.

ಚಂದ್ರ ಎಲ್ಲ ಕಡೆಗೂ ಒಬ್ಬನೇ. ಏರಿಳಿತ ಮಾತ್ರ ಊರಿಗೊಂದು ಬಗೆ. ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನ ಒಂದೂವರೆ ಮೀಟರಿನ ಆಸುಪಾಸು, ಕಾರವಾರದಲ್ಲಿ ಎರಡು ಮೀಟರ್. ಉತ್ತರಕ್ಕೆ ಹೋದಂತೆ ಹೆಚ್ಚುತ್ತದೆ. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ 10 ಮೀಟರ್ ದಾಟುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್. ಕೊಲ್ಲಿ ಒಳಹೋದಂತೆ ಕಿರಿದಾಗಿ, ಆಳ ಕಡಿಮೆಯಾಗುವುದರಿಂದ ನುಗ್ಗಿದ ನೀರಿಗೆ ಮೇಲೇರದೆ ಬೇರೆ ದಾರಿ ಇರುವುದಿಲ್ಲ.

ನಮ್ಮ ತೆರೆದ ದಡದಲ್ಲಿ ಉಬ್ಬರ ತಾನಾಗಿ ನೆಲ ಕೊರೆಯುವುದು ಕಡಿಮೆ. ಅದು ಮಾಡುವ ಕೆಲಸ ಇನ್ನೊಂದು: ತೆರೆ ಯಾವ ಎತ್ತರಕ್ಕೆ ಬಡಿಯಬೇಕೆಂದು ನಿಗದಿಮಾಡುತ್ತದೆ. ಇಳಿತದ ಹೊತ್ತಿಗೆ ಬಂದ ಬಿರುಗಾಳಿ ಕೆಳಗಿನ ಮರಳನ್ನು ಕೆದಕಿ ಹೋಗುತ್ತದೆ. ಅದೇ ಬಿರುಗಾಳಿ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಬಂದರೆ ತೆಂಗಿನ ಬುಡಕ್ಕೆ, ಮನೆಯ ಗೋಡೆಗೆ ಕೈ ಹಾಕುತ್ತದೆ. ಉಳ್ಳಾಲ, ಸೋಮೇಶ್ವರದಲ್ಲಿ ಮುಂಗಾರಿನ ಅಮಾವಾಸ್ಯೆ, ಹುಣ್ಣಿಮೆಗಳನ್ನು ಜನ ಆತಂಕದಿಂದ ಎದುರುನೋಡುವುದು ಇದಕ್ಕೇ.

ಉಬ್ಬರವಿಳಿತದ ನಿಜವಾದ ಕಾರ್ಯಕ್ಷೇತ್ರ ನದಿ ಕಡಲು ಸೇರುವ ಅಳಿವೆ. ದಿನಕ್ಕೆರಡು ಸಲ ಉಪ್ಪುನೀರು ಒಳಗೆ ಬಂದು ಹೋಗುತ್ತದೆ. ಮಳೆಗಾಲ ಕಳೆದು ನದಿ ಸೊರಗಿದ ಮೇಲೆ ಅಳಿವೆ ಬಾಗಿಲು ಮುಚ್ಚಿಹೋಗದಂತೆ ಕಾಯುವುದು ಬಹುಮಟ್ಟಿಗೆ ಈ ಹೋಗಿಬರುವ ನೀರೇ.

ಇದನ್ನು ಕಣ್ಣಾರೆ ಕಾಣಬೇಕಾದರೆ ಕುಮಟಾ ಬದಿಯ ಅಘನಾಶಿನಿಗೆ ಹೋಗಬೇಕು. ಘಟ್ಟದಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ನದಿ ಅದು. ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ಉಬ್ಬರದ ನೀರು ಬಂದು ಹೋಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಜೂನ್ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಮತ್ತೆ ಉಪ್ಪು ಏರಿದರೂ ತಾಳಿಕೊಳ್ಳುವ ಪೈರು. ಕಡಲಿನ ಏರಿಳಿತದ ಜೊತೆ ಜಗಳವಾಡದೆ ಬೇಸಾಯ ಮಾಡಿದವರ ಬುದ್ಧಿವಂತಿಕೆ ಆ ತಳಿಯಲ್ಲಿದೆ. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು.

ಓರೆಯಾಗಿ ಬಂದ ತೆರೆ, ಪಕ್ಕಕ್ಕೆ ನಡೆದ ಮರಳು

ತೆರೆಗಳು ದಡಕ್ಕೆ ನೇರವಾಗಿ ಬರುವುದು ಅಪರೂಪ. ಸ್ವಲ್ಪ ಓರೆಯಾಗಿ ಬರುತ್ತವೆ. ಓರೆಯಾಗಿ ಮೇಲೇರಿದ ನೀರು ಮರಳನ್ನೂ ಓರೆಯಾಗಿ ಒಯ್ಯುತ್ತದೆ. ಇಳಿಯುವಾಗ ಇಳಿಜಾರು ಹಿಡಿದು ನೇರವಾಗಿ ಇಳಿಯುತ್ತದೆ. ಹೀಗೆ ಒಂದೊಂದು ತೆರೆಗೂ ಮರಳಿನ ಕಾಳು ದಡದುದ್ದಕ್ಕೆ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ನಿಮಿಷಕ್ಕೆ ಆರೆಂಟು ತೆರೆ, ದಿನಕ್ಕೆ ಹತ್ತು ಸಾವಿರದಷ್ಟು. ವರ್ಷದ ಲೆಕ್ಕ ಹಾಕಿದರೆ ದಡವೇ ಒಂದು ಮರಳಿನ ಹೊಳೆ.

ಆ ಹೊಳೆ ಅಳಿವೆಯ ಹತ್ತಿರ ಬಂದಾಗ ನಿಲ್ಲದೆ ಮುಂದಕ್ಕೆ ಚಾಚುತ್ತದೆ. ಕೋಡಿಬೆಂಗ್ರೆ ಹುಟ್ಟಿದ್ದು ಹೀಗೆ. ಒಂದು ಬದಿ ಕಡಲು, ಇನ್ನೊಂದು ಬದಿ ಸ್ವರ್ಣಾ ನದಿ, ನಡುವೆ ಕಿರಿದಾದ ನೆಲದ ಮೇಲೆ ರಸ್ತೆ, ಮನೆ, ತೆಂಗು. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ನದಿಗಳು ಕೂಡಿ ಕಡಲು ಸೇರುವ ಬಾಗಿಲು ಒಂದೇ ಕಡೆ ನಿಂತಿಲ್ಲ. ಮರಳಿನ ಚಾಚು ಬೆಳೆದಂತೆ, ಕರಗಿದಂತೆ ಸ್ಥಳ ಬದಲಿಸುತ್ತಲೇ ಇದೆ. ಅಂಥ ನೆಲವನ್ನು ಕಂದಾಯ ನಕ್ಷೆಯಲ್ಲಿ ಸರ್ವೆ ನಂಬರು ಕೊಟ್ಟು ಕೂರಿಸಿದ್ದೇವೆ. ಕಡಲು ಆ ನಕ್ಷೆಯನ್ನು ನೋಡಿಲ್ಲ.

ಮರಳಿನ ಈ ನಡಿಗೆಗೆ ಅಡ್ಡ ಕಟ್ಟಿದರೆ ಏನಾಗುತ್ತದೆ ಎಂಬ ಪಾಠವನ್ನು ಚೆನ್ನೈ 19ನೇ ಶತಮಾನದಲ್ಲೇ ಕಲಿಸಿತು. ಪೂರ್ವ ಕರಾವಳಿಯಲ್ಲಿ ವರ್ಷದ ಹೆಚ್ಚು ಕಾಲ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಬಂದರಿನ ಗೋಡೆ ಕಡಲೊಳಗೆ ಚಾಚಿತು. ದಕ್ಷಿಣದಲ್ಲಿ ತಡೆದು ನಿಂತ ಮರಳು ಇಂದಿನ ಅಗಲವಾದ ಮರೀನಾ ಬೀಚ್ ಆಯಿತು. ಮರಳು ಸಿಗದೆ ಹೋದ ಉತ್ತರದ ರಾಯಪುರಂ ಕಡೆ ದಡ ಕಳೆದುಹೋಯಿತು. ಅಲ್ಲೀಗ ಕಲ್ಲಿನ ಗೋಡೆ. ಬೀಚಿನಲ್ಲಿ ಸುಂಡಲ್ ತಿನ್ನುವವರ ಖುಷಿ, ಉತ್ತರದ ಮೀನುಗಾರರ ಸಂಕಟ ಎರಡರ ಮೂಲವೂ ಒಂದೇ ಗೋಡೆ. 1980ರ ದಶಕದ ಕೊನೆಯಲ್ಲಿ ಪುದುಚೇರಿಯಲ್ಲಿ ಬಂದರಿನ ಗೋಡೆ ಎದ್ದಾಗ ಇದೇ ಮತ್ತೆ ನಡೆದು ಊರಿನೆದುರಿನ ಮರಳೇ ಹೋಯಿತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಲೆಕ್ಕ ಇನ್ನೂ ನಾಜೂಕು. ಋತು ಬದಲಾದಂತೆ ಮರಳು ಸಾಗುವ ದಿಕ್ಕೂ ಬದಲಾಗುತ್ತದೆ. ಹೋದದ್ದು ಬರುತ್ತದೆ, ಬಂದದ್ದು ಹೋಗುತ್ತದೆ. ಮೇಲುನೋಟಕ್ಕೆ ಏನೂ ನಡೆಯದಂತೆ ಕಾಣುವ ಕಡೆಯೂ ಎರಡು ದಿಕ್ಕಿನ ಸಾಗಾಟ ಸಮತೂಕದಲ್ಲಿರುತ್ತದೆ. ಅಲ್ಲಿ ಗೋಡೆ ಕಟ್ಟಿದರೆ ಆ ಸಮತೂಕ ಮುರಿಯುತ್ತದೆ.

ನೇತ್ರಾವತಿ–ಗುರುಪುರ ಅಳಿವೆಯ ಬಾಯಲ್ಲಿ ಮೀನುಗಾರಿಕೆ ದೋಣಿಗಳು ಮಗುಚಿ ಜೀವಹಾನಿಯಾಗುತ್ತಿತ್ತು. ದೋಣಿಗಳ ದಾರಿ ಸುರಕ್ಷಿತವಾಗಲೆಂದು ಎರಡು ಬದಿಗೂ ತೆರೆ ತಡೆಯುವ ಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಆಮೇಲೆ ಉತ್ತರದ ಬೆಂಗ್ರೆಯಲ್ಲಿ ಮರಳು ತುಂಬುತ್ತ ಹೋಯಿತು, ದಕ್ಷಿಣದ ಉಳ್ಳಾಲ ಸವೆಯುತ್ತ ಹೋಯಿತು. ಒಂದೇ ಅಳಿವೆಯ ಎರಡು ದಡಗಳಿಗೆ ಎರಡು ಹಣೆಬರಹ.

> ಕರಾವಳಿಯ ಉದ್ದ ಎಷ್ಟು?
>
> ಭಾರತದ ಕರಾವಳಿ 7,516 ಕಿ.ಮೀ. ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹೊಸ ಅಳತೆಯಲ್ಲಿ ಅದು 11,098 ಕಿ.ಮೀ. ಕರ್ನಾಟಕದ್ದು 280ರಿಂದ 343 ಕಿ.ಮೀ.ಗೆ ಏರಿದೆ. ನೆಲ ಬೆಳೆದಿಲ್ಲ, ಹೆಚ್ಚು ಸೂಕ್ಷ್ಮವಾದ ನಕ್ಷೆಯಲ್ಲಿ ಅಳೆದಾಗ ಹಳೆಯ ಅಳತೆ ಬಿಟ್ಟುಹೋಗಿದ್ದ ಕೊಲ್ಲಿ, ಅಳಿವೆ, ತಿರುವುಗಳೂ ಸೇರಿಕೊಂಡವು. ಅಳತೆಕೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತದೆ ಎಂಬುದನ್ನು ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಗಮನಿಸಿದ್ದರು. ಬೆನ್ವಾ ಮ್ಯಾಂಡಲ್‌ಬ್ರೋ 1967ರಲ್ಲಿ ಅದನ್ನೇ ಹಿಡಿದು ಪ್ರಸಿದ್ಧ ಪ್ರಬಂಧ ಬರೆದರು.

ಕಲ್ಲಿಗೆ ಏಟು, ಕೊಲ್ಲಿಗೆ ಮರಳು

ಕಾಪುವಿನ ದೀಪಸ್ತಂಭ 1901ರಿಂದ ಬಂಡೆಯ ಮೇಲೆ ನಿಂತಿದೆ. ಸುತ್ತಲಿನ ಮರಳು ಬಂದು ಹೋಗುತ್ತಿದ್ದರೂ ಬಂಡೆ ಅಲ್ಲೇ. ಹಾಗೆಂದು ಕಡಲು ಅದನ್ನು ಬಿಟ್ಟಿಲ್ಲ. ಕಡಲೊಳಗೆ ಚಾಚಿದ ಬಂಡೆಯ ಸುತ್ತ ಆಳ ಬೇಗ ಕಡಿಮೆಯಾಗುವುದರಿಂದ ತೆರೆಗಳು ಅದರ ಕಡೆಗೇ ಬಾಗುತ್ತವೆ. ಬಲವೆಲ್ಲ ಅಲ್ಲಿ ಒಟ್ಟುಗೂಡುತ್ತದೆ. ಎರಡು ಬಂಡೆಗಳ ನಡುವಿನ ಕೊಲ್ಲಿಯಲ್ಲಿ ತೆರೆ ಹರಡಿಕೊಂಡು ಸೌಮ್ಯವಾಗುತ್ತದೆ, ಹೊತ್ತುತಂದ ಮರಳನ್ನು ಕೆಳಗಿಡುತ್ತದೆ.

ಗೋಕರ್ಣದ ಓಂ ಬೀಚಿನ ಎರಡು ಅರ್ಧಚಂದ್ರಗಳು ಈ ಕೆಲಸದ ಫಲ. ಬೆಟ್ಟಗಳು ಕಡಲಿಗೇ ಬಂದು ಮುಟ್ಟುವ ಉತ್ತರ ಕನ್ನಡದ ದಡ ಹೀಗೆ ಕೊಲ್ಲಿ ಕೊಲ್ಲಿಯಾಗಿದ್ದರೆ, ಬೆಟ್ಟ ಹಿಂದೆ ಸರಿದ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ದಡ ನೇರವಾಗಿ, ಉದ್ದವಾಗಿ, ಮರಳಾಗಿ ಹಬ್ಬಿದೆ. ಕೊರೆತದ ಕೂಗು ಹೆಚ್ಚು ಕೇಳುವುದೂ ಈ ನೇರ ದಡದಿಂದಲೇ.

> ಮಡಗಾಸ್ಕರದಿಂದ ಬೇರಾದ ನೆನಪು
>
> ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಆರು ಮೂಲೆಯ ಕಲ್ಲಿನ ಕಂಬಗಳು ಸಾಲುಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಬಿರಿದಾಗ ಈ ಕಂಬಗಳಾದವು. ನಮ್ಮ ಪಶ್ಚಿಮ ಕರಾವಳಿ ಇರುವುದೇ ಅಂಥ ಬಿರುಕಿನಿಂದಾಗಿ. ತೆರೆ, ಉಬ್ಬರಗಳ ಕೆತ್ತನೆ ಆಮೇಲಿನದು.

ಇದ್ದ ದಡವೇ ಬೇರೆ

ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿ ಈ ನೆಲ ಪಡೆದ ಎಂಬ ಕಥೆ ಕರಾವಳಿಯ ಮನೆಮನೆಯಲ್ಲಿದೆ. ಕಡಲಿನ ಅಂಚು ಸ್ಥಿರವಲ್ಲ ಎಂಬ ಅರಿವು ಆ ಕಥೆಯೊಳಗಿದೆ ಎಂದು ನಾನು ನಂಬುತ್ತೇನೆ.

ಭೂವಿಜ್ಞಾನ ಹೇಳುವುದು ಇದು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಭೂಮಿಯ ನೀರು ಅಪಾರ ಪ್ರಮಾಣದಲ್ಲಿ ಹಿಮವಾಗಿ ಕೂತಿತ್ತು. ಕಡಲಿನ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಅಂದಿನ ದಡ ಇಂದಿನ ದಡದಿಂದ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ. ಇಂದು ಆಳ ಸಮುದ್ರದ ಬೋಟುಗಳು ಬಲೆ ಎಳೆಯುವಲ್ಲಿ ಅಂದು ನೇತ್ರಾವತಿ, ಶರಾವತಿಗಳು ಹರಿಯುತ್ತಿದ್ದವು.

ಹಿಮ ಕರಗಿತು, ಕಡಲು ಏರಿತು, ನದಿಗಳ ತಗ್ಗಿನ ಕಣಿವೆಗಳೆಲ್ಲ ಮುಳುಗಿದವು. ಮುಳುಗಿದ ಆ ಕಣಿವೆಗಳೇ ಇಂದಿನ ಅಳಿವೆಗಳು. ಆರೇಳು ಸಾವಿರ ವರ್ಷಗಳಿಂದ ಕಡಲ ಮಟ್ಟ ಹೆಚ್ಚುಕಡಿಮೆ ಒಂದೇ ಕಡೆ ನಿಂತದ್ದರಿಂದ ಮರವಂತೆ, ಬೆಂಗ್ರೆ, ತಣ್ಣೀರುಬಾವಿಗಳ ಮರಳಿನ ಪಟ್ಟಿ ಕಟ್ಟಲು ತೆರೆಗಳಿಗೆ ಪುರಸೊತ್ತು ಸಿಕ್ಕಿತು.

ಆ ಪುರಸೊತ್ತು ಮುಗಿಯುತ್ತಿದೆ. 1901ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. 2006ರ ನಂತರದ ಏರಿಕೆ ವರ್ಷಕ್ಕೆ 3.7 ಮಿ.ಮೀ. ಅಂಕಿ ಸಣ್ಣದು. ಆದರೆ ಐವತ್ತು ಅಡಿಗೆ ಒಂದಡಿ ಇಳಿಯುವ ಮರಳ ದಂಡೆಯಲ್ಲಿ ನೀರು ಒಂದು ಸೆಂ.ಮೀ. ಏರಿದರೆ ಅಡ್ಡಕ್ಕೆ ಅರ್ಧ ಮೀಟರ್ ಒಳಬರುತ್ತದೆ.

ತಪ್ಪಿದ ಲೆಕ್ಕ

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನಿಟ್ಟು ದೇಶದ 6,907 ಕಿ.ಮೀ. ದಡವನ್ನು ಅಳೆಯಿತು. ಶೇ 33.6ರಷ್ಟು ಕೊರೆತಕ್ಕೆ ಸಿಕ್ಕಿದೆ. ಶೇ 26.9ರಷ್ಟು ದಡ ಬೆಳೆದಿದೆ. ಉಳಿದದ್ದು ಸ್ಥಿರ. ಬೆಳೆದ ಲೆಕ್ಕ ಕೇಳಿ ಸಮಾಧಾನಪಡುವಂತಿಲ್ಲ. ಬೆಂಗ್ರೆಯಲ್ಲಿ ಬೆಳೆದ ಮರಳು ಉಳ್ಳಾಲದ ಮನೆ ಉಳಿಸುವುದಿಲ್ಲ.

ದಡಕ್ಕೆ ಮರಳು ಬರುವ ಮುಖ್ಯ ದಾರಿ ನದಿ. ಘಟ್ಟದ ಕಲ್ಲು ಮಳೆಗೆ ಸವೆದು, ನೆರೆಯಲ್ಲಿ ಉರುಳಿ, ಅಳಿವೆ ದಾಟಿ ದಡಕ್ಕೆ ಬರಬೇಕು. ಅಣೆಕಟ್ಟು ಅದನ್ನು ಹಿಂದೆಯೇ ಹಿಡಿದಿಡುತ್ತದೆ. ಅದನ್ನು ತಪ್ಪಿಸಿಕೊಂಡು ಬಂದದ್ದನ್ನು ಟಿಪ್ಪರುಗಳು ಮೇಲೆತ್ತುತ್ತವೆ. ಮನೆ ಕಟ್ಟಲು ಮರಳು ಬೇಕು ನಿಜ. ಆದರೆ ಹೊಳೆಯಲ್ಲಿ ತೆಗೆದ ಪ್ರತಿ ಲೋಡೂ ದಡಕ್ಕೆ ಸೇರಬೇಕಾಗಿದ್ದದ್ದು. ಕೊಡುವ ಬದಿಯಿಂದ ಕಡಿತ ಮಾಡಿ, ಕಡಲು ವಾಪಸು ಕೊಡಲಿಲ್ಲವೆಂದು ದೂರಿದರೆ ಹೇಗೆ?

ಇನ್ನು ಕಲ್ಲು. ಪ್ರತಿ ಮಳೆಗಾಲದಲ್ಲೂ ದಡಕ್ಕೆ ಲಾರಿಗಟ್ಟಲೆ ಕಲ್ಲು ಬೀಳುತ್ತದೆ. ಮನೆಯ ಹೊಸ್ತಿಲಿಗೆ ನೀರು ಬಂದವರಿಗೆ ಕಲ್ಲು ಬೇಡವೆನ್ನಲು ನನಗೆ ಬಾಯಿ ಬರದು. ಆ ರಾತ್ರಿಗೆ ಬೇರೆ ದಾರಿ ಇಲ್ಲ. ಆದರೆ ಅದನ್ನೇ ಶಾಶ್ವತ ಪರಿಹಾರವೆಂದು ಕರೆಯುವುದು ತಪ್ಪು. ಇಳಿಜಾರು ಮರಳಿನ ಮೇಲೆ ಏರಿದ ತೆರೆ ದಣಿದು ಇಂಗುತ್ತದೆ. ಗೋಡೆಗೆ ಬಡಿದ ತೆರೆ ಹಿಂದಕ್ಕೆ ಚಿಮ್ಮಿ ಗೋಡೆಯ ಬುಡದ ಮರಳನ್ನು ಕೆದಕುತ್ತದೆ. ಬುಡ ಟೊಳ್ಳಾಗಿ ಕಲ್ಲು ಕುಸಿಯುತ್ತದೆ. ಮತ್ತೆ ಕಲ್ಲು. ಗೋಡೆ ಮುಗಿದಲ್ಲಿ, ಪಕ್ಕದವರ ಜಾಗದಲ್ಲಿ, ಕೊರೆತ ಹೆಚ್ಚುತ್ತದೆ. ಅವರೂ ಕಲ್ಲು ಕೇಳುತ್ತಾರೆ.

ಗೋಡೆಯ ಹಿಂದಿನ ಜಾಗ ಉಳಿಯಬಹುದು, ಗೋಡೆಯ ಮುಂದಿನ ದಂಡೆ ಉಳಿಯುವುದಿಲ್ಲ. ನಾಡದೋಣಿ ಎಳೆದಿಡಲು, ಬಲೆ ಒಣಗಿಸಲು, ಕೈರಂಪಣಿ ಹಾಕಲು ನೆಲವಿಲ್ಲ. ಮೊಟ್ಟೆಯಿಡಲು ಬಂದ ಕಡಲಾಮೆ ಕಲ್ಲು ಹತ್ತಲಾರದೆ ತಿರುಗಿ ಹೋಗುತ್ತದೆ.

ಬೇರೆ ಪ್ರಯತ್ನಗಳು ನಡೆದಿವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2010ರಲ್ಲಿ ಮಂಜೂರಾದ ಯೋಜನೆಯಲ್ಲಿ ಉಳ್ಳಾಲದ ಎದುರು ಕಡಲೊಳಗೆ ಕೃತಕ ರೀಫ್‌ಗಳನ್ನು ಕಟ್ಟಿದರು. ಮಳೆಗಾಲದ ಮರಳಿನ ದಿಬ್ಬ ಮಾಡುವ ಕೆಲಸವನ್ನು, ಅಂದರೆ ತೆರೆಯನ್ನು ದೂರದಲ್ಲೇ ಒಡೆಯುವುದನ್ನು, ಇವು ವರ್ಷವಿಡೀ ಮಾಡಬೇಕೆಂಬುದು ಲೆಕ್ಕಾಚಾರ. ಪುದುಚೇರಿಯಲ್ಲೂ ಇಂಥ ರೀಫ್ ಕಟ್ಟಿದ ಮೇಲೆ ಊರೆದುರು ಒಂದಿಷ್ಟು ಮರಳು ಮರಳಿ ಬಂತು. ಕಡಲಿನ ರೀತಿಯನ್ನು ಓದಿಕೊಂಡು ಮಾಡಿದ ಕೆಲಸ ಇದು ಎಂಬ ಕಾರಣಕ್ಕೆ ನನಗೆ ಕಲ್ಲಿನ ರಾಶಿಗಿಂತ ಇದರ ಮೇಲೆ ಹೆಚ್ಚು ಗೌರವ. ಆದರೆ ಕಡಲೊಳಗೆ ಕಟ್ಟಿದ್ದಕ್ಕೂ ಪಕ್ಕದ ಊರಿನಲ್ಲಿ ಪರಿಣಾಮ ಇದ್ದೇ ಇರುತ್ತದೆ. ಒಂದು ಊರಿನ ದಡವನ್ನಷ್ಟೇ ನೋಡಿ ಯೋಜನೆ ಮಾಡುವ ಪದ್ಧತಿ ಹೋಗಬೇಕು. ಅಳಿವೆಯಿಂದ ಅಳಿವೆಯವರೆಗಿನ ಮರಳನ್ನು ಒಟ್ಟಾಗಿ ಲೆಕ್ಕ ಹಾಕಬೇಕು. ಹೂಳೆತ್ತಿದ ಮರಳನ್ನು ಮಾರುವ ಬದಲು ಸವೆದ ದಡಕ್ಕೆ ಸುರಿಯಬೇಕು.

ಎಲ್ಲಕ್ಕಿಂತ ಅಗ್ಗದ ಪರಿಹಾರ ಜಾಗ ಬಿಡುವುದು. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದದ್ದು ಈ ತಿಳಿವಳಿಕೆಯಿಂದ. ಹಳ್ಳಿ ಪ್ರದೇಶದಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಕೂಡದು ಎಂದಿತ್ತು. 2019ರ ಅಧಿಸೂಚನೆ ಜನವಸತಿ ದಟ್ಟವಾಗಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಮೀನುಗಾರರ ಮನೆಗಳಿಗೆ ವಿನಾಯಿತಿ ಬೇಕಿತ್ತು, ಅವರ ಬದುಕೇ ಅಲ್ಲಿದೆ. ಆದರೆ ಕಡಲು ಏರುತ್ತಿರುವ ಕಾಲದಲ್ಲಿ ಎಲ್ಲರಿಗೂ ಹತ್ತಿರ ಹೋಗಲು ಬಿಟ್ಟದ್ದು ಸರಿಯಾದ ತೀರ್ಮಾನವಲ್ಲ.

> ಈ ಮಳೆಗಾಲ ಕಡಲಿಗೆ ಹೋಗುವವರಿಗೆ
>
> ಎರಡು ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ಕಡಲಿಗೆ ಹಿಂದಿರುಗುವ ಸೆಳೆತದ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆಗೇ ಈಜಿ ದಣಿಯಬೇಡಿ. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಸೆಳೆತ ಕಿರಿದಾಗಿರುತ್ತದೆ, ಪಕ್ಕಕ್ಕೆ ಸರಿದರೆ ತಪ್ಪಿಸಿಕೊಳ್ಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯದಿರುವುದೇ ಒಳ್ಳೆಯದು. ಜೀವರಕ್ಷಕ ಸಿಬ್ಬಂದಿ ಬೇಡವೆಂದರೆ ವಾದ ಮಾಡಬೇಡಿ.

ಕಡಲ ಬದಿಯಲ್ಲಿ ಮನೆ, ಹೋಮ್‌ಸ್ಟೇ, ತೋಟ ಎಂದು ಜಾಗ ಹುಡುಕುವವರು ಈಗ ಊರೂರಿನಲ್ಲಿದ್ದಾರೆ. ಅವರಲ್ಲೊಂದು ವಿನಂತಿ. ಡಿಸೆಂಬರಿನ ಬಿಸಿಲಿನಲ್ಲಿ ಅಗಲವಾದ ದಂಡೆ ನೋಡಿ ಮುಂಗಡ ಕೊಡಬೇಡಿ. ಜುಲೈನ ಒಂದು ಅಮಾವಾಸ್ಯೆಯಂದು, ಉಬ್ಬರ ತುಂಬುವ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ ನಿಲ್ಲಿ. ಅಲ್ಲಿ ಬಲೆ ನೇಯುತ್ತ ಕೂತ ಹಿರಿಯರನ್ನು ಇಪ್ಪತ್ತು ವರ್ಷಗಳ ಹಿಂದೆ ದಡ ಎಲ್ಲಿತ್ತೆಂದು ಕೇಳಿ. ಅವರು ಕೈ ತೋರಿಸುವ ಜಾಗ ಈಗ ನೀರಿನಲ್ಲಿದ್ದರೆ ಆ ಜಾಗ ಕೊಳ್ಳಬೇಡಿ.